ಕ್ಯಾಥೊಲಿಕ್ ಶಾಲೆಯಲ್ಲಿ ಸಂಬಂಧಗಳ ಪಾಠ

ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ಸಂಬಂಧಗಳ ಶಿಕ್ಷಣ 2020ರ ಸೆಪ್ಟೆಂಬರ್‌ನಿಂದ ಕಡ್ಡಾಯವಾಗಿದೆ. ಇದಕ್ಕೆ 2017ರ ಮಕ್ಕಳು ಮತ್ತು ಸಮಾಜಕಾರ್ಯ ಕಾಯ್ದೆಯೇ ಆಧಾರ. ಕುಟುಂಬ, ಗೆಳೆತನ, ಪರಸ್ಪರ ಗೌರವ, ಅಂತರ್ಜಾಲದ ಒಡನಾಟ, ಸುರಕ್ಷತೆ ಎಂಬ ಐದು ವಿಷಯಗಳು ಇದರಲ್ಲಿವೆ. ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಮನಸ್ಸಿನ ಸ್ವಾಸ್ಥ್ಯ, ಆಹಾರ, ನಿದ್ದೆ, ಹರೆಯದ ಬದಲಾವಣೆಗಳನ್ನು ಕುರಿತ ಆರೋಗ್ಯ ಶಿಕ್ಷಣವೂ ಕಡ್ಡಾಯ. ಲೈಂಗಿಕ ಶಿಕ್ಷಣ ಮಾತ್ರ ಪ್ರಾಥಮಿಕ ಹಂತದಲ್ಲಿ ಕಡ್ಡಾಯವಲ್ಲ. ಶಾಲೆ ಅದನ್ನು ಕಲಿಸುವುದಾದರೆ, ವಿಜ್ಞಾನದ ಪಠ್ಯಕ್ಕೆ ಸೇರಿದ್ದನ್ನು ಬಿಟ್ಟು ಉಳಿದ ಭಾಗದಿಂದ ಮಗುವನ್ನು ಬಿಡಿಸಿಕೊಳ್ಳುವ ಹಕ್ಕು ಹೆತ್ತವರಿಗಿದೆ. ಸಂಬಂಧಗಳ ಪಾಠಕ್ಕೆ ಈ ವಿನಾಯಿತಿ ಇಲ್ಲ.

ಆ ದೇಶದಲ್ಲಿ ಸರ್ಕಾರದ ಹಣ ಪಡೆಯುವ ಶಾಲೆಗಳಲ್ಲಿ ಸುಮಾರು ಹತ್ತಕ್ಕೊಂದು ಕ್ಯಾಥೊಲಿಕ್ ಶಾಲೆ. ಅವುಗಳಿಗೂ ಇದೇ ಕಾನೂನು. ಆದರೆ ಪಾಠವನ್ನು ತಮ್ಮ ಧರ್ಮದ ನೆಲೆಯಲ್ಲಿ ನಿಂತು ಹೇಳಲು ಅವುಗಳಿಗೆ ಅವಕಾಶವಿದೆ. ಬಿಷಪರ ಪರವಾಗಿ ಕೆಲಸ ಮಾಡುವ ಕ್ಯಾಥೊಲಿಕ್ ಎಜುಕೇಷನ್ ಸರ್ವಿಸ್ ರೂಪಿಸಿದ ಮಾದರಿ ಪಠ್ಯಕ್ರಮಕ್ಕೆ ಮೂರು ಎಳೆಗಳಿವೆ: ಮನುಷ್ಯ ದೇವರ ಪ್ರೀತಿಯ ಸೃಷ್ಟಿ, ಅವನು ಹುಟ್ಟಿದ್ದು ಇತರರನ್ನು ಪ್ರೀತಿಸಲು, ಬಾಳಬೇಕಾದ್ದು ಸಮುದಾಯದ ನಡುವೆ. ಮಕ್ಕಳಿಗೆ ಮೊದಲ ಗುರುಗಳು ತಂದೆತಾಯಿಯರೇ ಎಂಬುದು ಚರ್ಚಿನ ನಿಲುವು. ಬೆಳೆಯುವ ಮಕ್ಕಳಿಗೆ ವಿವೇಕದಿಂದ ಕೂಡಿದ ಲೈಂಗಿಕ ಶಿಕ್ಷಣ ಬೇಕೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿತ್ತು. ಪೋಪ್ ಫ್ರಾನ್ಸಿಸ್ 2016ರ ‘ಅಮೋರಿಸ್ ಲೆಟೀಷಿಯಾ’ ಎಂಬ ಬೋಧನಾ ಪತ್ರದಲ್ಲಿ ಅದನ್ನೇ ಮತ್ತೆ ಎತ್ತಿ ಹಿಡಿದರು.

ತರಗತಿಯಲ್ಲಿ ಪಾಠ ವಯಸ್ಸಿಗೆ ತಕ್ಕಂತೆ ಸಾಗುತ್ತದೆ. ನಾಲ್ಕೈದು ವರ್ಷದ ಮಕ್ಕಳು ಸಿಟ್ಟು, ಸಂತೋಷ, ಹೆದರಿಕೆಗಳನ್ನು ಹೆಸರು ಹಿಡಿದು ಹೇಳಲು ಕಲಿಯುತ್ತಾರೆ. ಜಗಳವಾಡಿದ ಮೇಲೆ ಕ್ಷಮೆ ಕೇಳುವುದನ್ನೂ ಕ್ಷಮಿಸುವುದನ್ನೂ ಅಭ್ಯಾಸ ಮಾಡುತ್ತಾರೆ. ಸ್ವಲ್ಪ ದೊಡ್ಡವರಿಗೆ ಗುಟ್ಟಿನ ಪಾಠವಿದೆ. ಅಮ್ಮನ ಹುಟ್ಟುಹಬ್ಬಕ್ಕೆ ತಂದಿಟ್ಟ ಉಡುಗೊರೆಯ ವಿಷಯ ಇನ್ನೆರಡು ದಿನದಲ್ಲಿ ಎಲ್ಲರಿಗೂ ಗೊತ್ತಾಗುವಂಥದ್ದು, ಅದನ್ನು ಮುಚ್ಚಿಟ್ಟರೆ ತಪ್ಪಿಲ್ಲ. ದೊಡ್ಡವರೊಬ್ಬರು ‘ಇದನ್ನು ಯಾರಿಗೂ ಹೇಳಬೇಡ’ ಎಂದು ಹೆದರಿಸಿ ಹೊರಿಸಿದ ಗುಟ್ಟನ್ನು ಹೇಳಲೇಬೇಕು. ಯಾರಿಗೆ ಹೇಳುವುದು? ಮಗು ತನ್ನ ಅಂಗೈಯನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು, ಒಂದೊಂದು ಬೆರಳಿಗೂ ತಾನು ನಂಬುವ ಒಬ್ಬರ ಹೆಸರು ಬರೆಯುತ್ತದೆ. ಇದು ಹಲವು ಶಾಲೆಗಳಲ್ಲಿ ಬಳಕೆಯಲ್ಲಿರುವ ಚಟುವಟಿಕೆ. ಮಗು ಅಂಥ ಗುಟ್ಟೇನಾದರೂ ಹೇಳಿಕೊಂಡರೆ, ಯಾರಿಗೂ ಹೇಳುವುದಿಲ್ಲವೆಂದು ಶಿಕ್ಷಕರು ಮಾತು ಕೊಡುವಂತಿಲ್ಲ. ಶಾಲೆಯಲ್ಲಿ ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೆ ಕೂಡಲೇ ತಿಳಿಸಬೇಕು.

ಒಂಬತ್ತು, ಹತ್ತು ವರ್ಷದ ಹೊತ್ತಿಗೆ ಹರೆಯದ ಪಾಠ ಬರುತ್ತದೆ. ಮುಟ್ಟು ಶುರುವಾಗುವ ಮೊದಲೇ ಅದೇನೆಂದು ತಿಳಿದಿರುವ ಹುಡುಗಿಗೆ ಗಾಬರಿಯಾಗುವುದಿಲ್ಲ. ದೇಹದ ಭಾಗಗಳ ಸರಿಯಾದ ಹೆಸರು ಗೊತ್ತಿರುವ ಮಗು ತನಗಾದ ಅನ್ಯಾಯವನ್ನು ತಡವರಿಸದೆ ಹೇಳಬಲ್ಲದು. ಅನೇಕ ಶಾಲೆಗಳು ಪಾಠಕ್ಕೆ ಮುಂಚೆ ಹೆತ್ತವರನ್ನು ಕರೆದು ಪಾಠದ ಸಾಮಗ್ರಿಯನ್ನು ತೋರಿಸುತ್ತವೆ.

ಕಷ್ಟದ ಜಾಗಗಳೂ ಇವೆ. ಮದುವೆಯೆಂದರೆ ಒಂದು ಗಂಡು, ಒಂದು ಹೆಣ್ಣಿನ ಬಂಧ ಎಂದು ಚರ್ಚು ಬೋಧಿಸುತ್ತದೆ. ತರಗತಿಯಲ್ಲಿ ಒಂಟಿ ಪೋಷಕರ, ಸಲಿಂಗ ದಂಪತಿಯ, ಬೇರೆ ಧರ್ಮದವರ ಮಕ್ಕಳೂ ಇರಬಹುದು. 2010ರ ಸಮಾನತಾ ಕಾಯ್ದೆಯನ್ನು ಶಾಲೆ ಪಾಲಿಸಲೇಬೇಕು. ಮನೆಯ ಪರಿಸ್ಥಿತಿಯ ಕಾರಣಕ್ಕೆ ಯಾವ ಮಗುವೂ ಕೀಳರಿಮೆ ಪಡಬಾರದೆಂದು ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ತಮ್ಮ ನಂಬಿಕೆಯನ್ನು ಮುಚ್ಚಿಡದೆ, ಎದುರಿಗೆ ಕುಳಿತ ಮಗುವಿನ ಮನೆಯನ್ನು ಹಳಿಯದೆ ಪಾಠ ಮಾಡುವುದರಲ್ಲೇ ಇಲ್ಲಿ ಶಿಕ್ಷಕರ ಪರೀಕ್ಷೆಯಿದೆ.

ಚರ್ಚಿಗೆ ಈ ಪಾಠ ಬೇರೊಂದು ಕಾರಣಕ್ಕೂ ಮುಖ್ಯ. 1970ರಿಂದ 2015ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಕ್ಯಾಥೊಲಿಕ್ ಚರ್ಚಿಗೆ ಮಕ್ಕಳ ಲೈಂಗಿಕ ಶೋಷಣೆಯ 900ಕ್ಕೂ ಹೆಚ್ಚು ದೂರುಗಳು ಬಂದಿದ್ದವೆಂದು ಸ್ವತಂತ್ರ ವಿಚಾರಣಾ ಆಯೋಗ 2020ರ ನವೆಂಬರ್‌ನಲ್ಲಿ ವರದಿ ಮಾಡಿತು. ಮಕ್ಕಳ ನೋವಿಗಿಂತ ಸಂಸ್ಥೆಯ ಮರ್ಯಾದೆ ದೊಡ್ಡದಾಗಿದ್ದ ಕಾಲದ ಲೆಕ್ಕವದು. ಬೇಡವೆನಿಸಿದ್ದನ್ನು ಬೇಡವೆನ್ನಲು, ನಡೆದದ್ದನ್ನು ನಡೆದಂತೆ ಹೇಳಲು ಮಗುವಿಗೆ ಕಲಿಸುವುದು ಧರ್ಮಕ್ಕೆ ಎರವಾಗುವ ಕೆಲಸವಲ್ಲ. ಪ್ರತಿ ಮಗುವೂ ದೇವರ ಸೃಷ್ಟಿ ಎಂದು ನಂಬುವ ಶಾಲೆ ಎಲ್ಲಕ್ಕಿಂತ ಮೊದಲು ಕಲಿಸಬೇಕಾದ ಪಾಠವೇ ಇದು.