ಬಾಣಲೆಯ ತಳದ ಎಣ್ಣೆ

ನಮ್ಮಜ್ಜಿ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದದ್ದು ಒಲೆಯ ಬೂದಿ ಮತ್ತು ತೆಂಗಿನ ನಾರಿನಿಂದ. ಚಕ್ಕುಲಿ ಕರಿದ ಬಾಣಲೆಯ ಜಿಡ್ಡೂ ಅದಕ್ಕೆ ಬಗ್ಗುತ್ತಿತ್ತು. ಕಟ್ಟಿಗೆ ಬೂದಿಯಲ್ಲಿ ಕ್ಷಾರವಿದೆ, ಅದು ಎಣ್ಣೆಯನ್ನು ಒಂದಿಷ್ಟು ಸಾಬೂನಾಗಿಸುತ್ತದೆ ಎಂದು ನನಗೆ ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ. ಒಲೆಯ ಕಸ, ಬಾಣಲೆಯ ಕಸ ಎರಡನ್ನೂ ಬೆರೆಸಿ ಅಜ್ಜಿ ಪಾತ್ರೆಯ ಮೈಮೇಲೆಯೇ ಸಾಬೂನು ಮಾಡಿಕೊಳ್ಳುತ್ತಿದ್ದಳು. ರಸಾಯನಶಾಸ್ತ್ರದ ಮೇಷ್ಟ್ರು ಇದನ್ನು ಹೇಳಲಿಲ್ಲ, ನಾನೇ ತಡವಾಗಿ ಜೋಡಿಸಿಕೊಂಡೆ.

ಕೊಳೆ ತೆಗೆಯುವ ಪದಾರ್ಥಗಳ ಗುಟ್ಟು ಇಷ್ಟೇ: ಅಣುವಿನ ಒಂದು ತುದಿಗೆ ನೀರಿನ ಮೋಹ, ಇನ್ನೊಂದಕ್ಕೆ ಎಣ್ಣೆಯ ಮೋಹ. ಎರಡನ್ನೂ ಹಿಡಿದುಕೊಂಡೇ ಅದು ಜಿಡ್ಡನ್ನು ನೀರಿಗೆ ಎಳೆದು ತರುತ್ತದೆ. ಇಂಥದಕ್ಕೆ ಸರ್ಫ್ಯಾಕ್ಟಂಟ್ ಎಂದು ಹೆಸರು. ಸೀಗೆಕಾಯಿ, ಅಂಟುವಾಳದ ನೊರೆಯ ಹಿಂದಿರುವುದೂ ಅದೇ ಜಾತಿಯ ಸ್ಯಾಪೊನಿನ್. ಇಂದಿನ ಬಟ್ಟೆ ಪುಡಿಯಲ್ಲಿ ಆ ಕೆಲಸ ಮಾಡುವುದು ಬಹುಪಾಲು ಪೆಟ್ರೋಲಿಯಂನಿಂದ ಬಂದದ್ದು. ಗಾಳಿಯಾಡುವ ನೀರಿನಲ್ಲಿ ಅದನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಆಮ್ಲಜನಕವಿಲ್ಲದ ಕೆಸರಿಗೆ ಇಳಿಯಿತೋ, ಹಾಗೇ ಕೂತುಬಿಡುತ್ತದೆ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿಬಂದದ್ದನ್ನು ಬೆಂಗಳೂರಿನವರು ಮರೆತಿರಲಿಕ್ಕಿಲ್ಲ. ತಳದ ಹೂಳಿನಲ್ಲಿ ಸೇರಿಕೊಂಡ ಡಿಟರ್ಜೆಂಟ್ ಮಳೆ ಬಂದು ಕಲಕಿದಾಗ ಮೇಲೇಳುತ್ತದೆ ಎಂದು ಆ ನೊರೆಯ ಜಾಡು ಹಿಡಿದ ಭಾರತೀಯ ವಿಜ್ಞಾನ ಸಂಸ್ಥೆಯವರು ಹೇಳಿದ್ದಾರೆ. ಶುದ್ಧೀಕರಿಸದ ಕೊಳಚೆಯನ್ನು ಕೆರೆಗೆ ಬಿಡುವವರೆಗೆ ಸಾಬೂನು ಬದಲಿಸಿದ ಮಾತ್ರಕ್ಕೆ ಕೆರೆ ಉದ್ಧಾರವಾಗದು, ಅದು ಬೇರೆ ಮಾತು.

ಬದಲಿ ಮಾತ್ರ ಇದೆ. ದುಂಬಿಯ ಜೇನಿನಲ್ಲಿ ಮೊದಲು ಸಿಕ್ಕ ಒಂದು ಯೀಸ್ಟ್‌ಗೆ ಸಕ್ಕರೆ ಮತ್ತು ಎಣ್ಣೆ ಎರಡನ್ನೂ ಉಣಿಸಿದರೆ ಸೊಫೊರೊಲಿಪಿಡ್ ಎಂಬ ಸರ್ಫ್ಯಾಕ್ಟಂಟ್ ಕೊಡುತ್ತದೆ. ಲೀಟರಿಗೆ 100 ಗ್ರಾಂಗೂ ಮಿಕ್ಕಿ ಇಳುವರಿ. ಸೂಕ್ಷ್ಮಜೀವಿಗಳ ಲೋಕದಲ್ಲಿ ಇದು ದೊಡ್ಡ ಕರಾವು. ಆ ಯೀಸ್ಟ್‌ಗೆ ಹೊಸ ಎಣ್ಣೆಯೇ ಬೇಕೆಂಬ ಹಟವಿಲ್ಲ. ಕರಿದು ಕಪ್ಪಾದ ಎಣ್ಣೆಯ ಮೇಲೂ ಬೆಳೆಯುತ್ತದೆಂದು ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ತೋರಿಸಿದ್ದಾರೆ. ಇದರ ಸೋದರನಂಥ ರ‍್ಯಾಮ್ನೊಲಿಪಿಡ್ಡನ್ನು ಬ್ಯಾಕ್ಟೀರಿಯಾ ತಯಾರಿಸುತ್ತವೆ.

ಇಲ್ಲಿಯೇ ನನ್ನ ತಕರಾರು. 2024ರಲ್ಲಿ ಎವೋನಿಕ್ ಕಂಪನಿ ಸ್ಲೊವಾಕಿಯಾದಲ್ಲಿ ರ‍್ಯಾಮ್ನೊಲಿಪಿಡ್ ಕಾರ್ಖಾನೆ ತೆರೆಯಿತು. ದೊಡ್ಡ ಹೆಜ್ಜೆಯೇ, ಒಪ್ಪೋಣ. ಆದರೆ ಅಲ್ಲಿ ಬ್ಯಾಕ್ಟೀರಿಯಾಗಳ ಮೇವು ಮೆಕ್ಕೆಜೋಳದ ಸಕ್ಕರೆ. ಕಾಡು ಕಡಿದು ನೆಟ್ಟ ತಾಳೆಯ ಎಣ್ಣೆಯಿಂದ ಮಾಡಿದ ನೊರೆಯೂ ‘ಜೈವಿಕ’ವೇ. ಬಾಟಲಿಯ ಮೇಲೆ ಹಸಿರು ಎಲೆ ಬರೆಸಲು ಇಷ್ಟು ಸಾಕು. ಹೊಲದಲ್ಲಿ ಬೆಳೆದದ್ದನ್ನು ಬಚ್ಚಲಿಗೆ ಸುರಿಯುವುದಕ್ಕೂ ಬಚ್ಚಲಿಗೆ ಹೋಗಲಿದ್ದದ್ದನ್ನು ತಡೆದು ಸಾಬೂನು ಮಾಡುವುದಕ್ಕೂ ಇರುವ ಅಂತರ ಆ ಎಲೆಗೆ ತಿಳಿಯದು.

ಕಸದಿಂದ ಮಾಡುವುದು ಸುಲಭವೇನಲ್ಲ. ಇವತ್ತಿನ ಎಣ್ಣೆಯಂತೆ ನಾಳಿನದಿರುವುದಿಲ್ಲ. ಒಂದರಲ್ಲಿ ಮೆಣಸಿನಕಾಯಿ ಬಜ್ಜಿಯ ಚೂರು, ಇನ್ನೊಂದರಲ್ಲಿ ಮೀನಿನ ವಾಸನೆ. ಗಡಿಗೆಯಿಂದ ಸರ್ಫ್ಯಾಕ್ಟಂಟನ್ನು ಬೇರ್ಪಡಿಸಿ ಶುದ್ಧ ಮಾಡುವುದಕ್ಕೇ ದೊಡ್ಡ ಖರ್ಚು, ಮೇವು ಕೊಳಕಾದಷ್ಟೂ ಅದು ಏರುತ್ತದೆ. ಇನ್ನು ಕಸಕ್ಕೆ ಬೆಲೆ ಬಂದ ಕ್ಷಣ ಅದು ಕಸವಾಗಿ ಉಳಿಯುವುದಿಲ್ಲ. ಸಕ್ಕರೆ ಕಾರ್ಖಾನೆಯ ಕಾಕಂಬಿ ಎಥನಾಲ್ ಪಾಲಾದದ್ದು ಹಾಗೇ. ಕರಿದ ಎಣ್ಣೆಗೂ ಬಯೋಡೀಸೆಲ್‌ನವರು ಕೈಚಾಚಿದ್ದಾರೆ.

ಆದರೂ ಇವೆಲ್ಲಕ್ಕಿಂತ ಹಿಂದಿನ ಪ್ರಶ್ನೆ, ಎಣ್ಣೆ ಕೈಗೆ ಸಿಗುತ್ತದೆಯೇ ಎಂಬುದು. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ಧ್ರುವೀಯ ಸಂಯುಕ್ತಗಳು ಶೇ 25 ದಾಟಿದರೆ ಅದನ್ನು ಅಡುಗೆಗೆ ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈ 1ರಿಂದ ಇದೆ. ಲೆಕ್ಕ ಬರೆದಿಟ್ಟು ಅಧಿಕೃತ ಸಂಗ್ರಾಹಕರಿಗೆ ಒಪ್ಪಿಸಬೇಕಾದವರು ಮಾತ್ರ ದಿನಕ್ಕೆ 50 ಲೀಟರಿಗಿಂತ ಹೆಚ್ಚು ಕರಿಯುವವರು. ನಮ್ಮ ಬೀದಿ ತಿರುವಿನ ಬಜ್ಜಿ ಗಾಡಿಯ ಬಾಣಲೆಗೆ ಐದಾರು ಲೀಟರ್ ಹಿಡಿಯಬಹುದು. ಮಿಕ್ಕಿದ್ದನ್ನು ಏನು ಮಾಡ್ತೀಯಪ್ಪ ಅಂದೆ. ‘ಮಿಕ್ಕೋದಿಲ್ಲ ಸಾರ್, ನಾಳೆ ಮೇಲೆ ಹೊಸದು ಹಾಕ್ತೀನಿ’ ಅಂದ. ತೀರಾ ಮಂದವಾದರೆ? ಗಲ್ಲ ಎತ್ತಿ ಮೋರಿಯ ಕಡೆ ತೋರಿಸಿದ.

ಅವನನ್ನು ಬೈದು ಪ್ರಯೋಜನವಿಲ್ಲ. ಕಾಸು ಕೊಟ್ಟು ಕೊಳ್ಳುವವರು ಅವನ ಗಾಡಿಯವರೆಗೆ ಬಂದಿಲ್ಲ. ಹಸಿ ಕಸ, ಒಣ ಕಸ ಎಂದು ಬೆಳಿಗ್ಗೆ ಸೀಟಿ ಊದುತ್ತಾ ಬರುವ ಪಾಲಿಕೆಯ ಆಟೊ ಎಲ್ಲ ಬೀದಿಗಳನ್ನೂ ಬಲ್ಲದು. ವಾರಕ್ಕೊಂದು ಸಂಜೆ ಅದು ತಿಂಡಿಗಾಡಿಗಳ ಮುಂದೆ ನಿಲ್ಲಲಿ. ಹಿಂದುಗಡೆ ಒಂದು ಎಣ್ಣೆ ಡಬ್ಬಿ, ಒಂದು ತಕ್ಕಡಿ ಇಟ್ಟುಕೊಂಡು, ಕಿಲೋಗೆ ಇಷ್ಟೆಂದು ಅಲ್ಲೇ ಎಣಿಸಿ ಕೊಡಲಿ.