ಓದಿದವರು ಎಳೆದ ಗೆರೆ

ಕಳೆದ ವರ್ಷ ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಗೆ ‘ಉಗ್ರವಾದಕ್ಕೆ ವಿದ್ಯೆಯೇ ಮದ್ದು’ ಎಂಬ ವಿಷಯವನ್ನು ಇಟ್ಟಿದ್ದರು. ನಾನು ಪರವಾಗಿ ಮಾತನಾಡಿದೆ. ಅಮೆರಿಕದ ಕೂ ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಸಂಘವನ್ನು ಉದಾಹರಣೆಯಾಗಿ ಹಿಡಿದುಕೊಂಡೆ. ಬಿಳಿಯ ನಿಲುವಂಗಿ, ಮೊನಚು ಟೋಪಿ, ನಡುರಾತ್ರಿಯಲ್ಲಿ ಉರಿಯುವ ಶಿಲುಬೆ. ಸಭೆಯನ್ನು ಬೆಚ್ಚಿಸಲು ಇನ್ನೇನು ಬೇಕು? “ಇವರೆಲ್ಲ ಅಕ್ಷರದ ಗಂಧವಿಲ್ಲದ ಹಳ್ಳಿಗಾಡಿನ ಒರಟರು. ಇವರ ಕೈಗೆ ಪುಸ್ತಕ ಕೊಟ್ಟಿದ್ದರೆ ದೊಣ್ಣೆ ತಾನಾಗಿಯೇ ಕೆಳಗೆ ಬೀಳುತ್ತಿತ್ತು” ಎಂದು ಗುಡುಗಿದೆ. ಚಪ್ಪಾಳೆ ಬಿತ್ತು. ಎರಡನೆಯ ಬಹುಮಾನವೂ ಬಂತು.

ಮರುದಿನ ನಮ್ಮ ಚರಿತ್ರೆಯ ಉಪನ್ಯಾಸಕರು ಪಡಸಾಲೆಯಲ್ಲಿ ನಿಲ್ಲಿಸಿ, “ಭಾಷಣ ಚೆನ್ನಾಗಿತ್ತಪ್ಪ. ಆದರೆ ಆ ಕ್ಲಾನಿನವರು ಓದದವರು ಅಂತ ನಿನಗೆ ಯಾರು ಹೇಳಿದರು?” ಎಂದು ಕೇಳಿದರು. ಯಾರೂ ಹೇಳಿರಲಿಲ್ಲ. ನಾನೇ ಹಾಗೆಂದು ಭಾವಿಸಿಕೊಂಡಿದ್ದೆ. ಆ ಪ್ರಶ್ನೆ ನನ್ನನ್ನು ವರ್ಷವಿಡೀ ಪುಸ್ತಕಭಂಡಾರದಲ್ಲಿ ಕೂರಿಸಿತು. ಅಲ್ಲಿ ಕಂಡದ್ದನ್ನು ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ. ಇದನ್ನು ಒಂದು ಬಗೆಯ ತಪ್ಪೊಪ್ಪಿಗೆಯೆಂದು ತಿಳಿದರೂ ನನ್ನ ಅಭ್ಯಂತರವಿಲ್ಲ.

ಅಮೆರಿಕದ ಅಂತರ್ಯುದ್ಧದ ನಂತರ ಹುಟ್ಟಿದ ಮೊದಲ ಕ್ಲಾನ್ ಕೆಲವೇ ವರ್ಷಗಳಲ್ಲಿ ಅಡಗಿಹೋಗಿತ್ತು. ಅದನ್ನು ೧೯೧೫ರಲ್ಲಿ ಜಾರ್ಜಿಯಾ ಸಂಸ್ಥಾನದ ಸ್ಟೋನ್ ಮೌಂಟನ್ ಬೆಟ್ಟದ ಮೇಲೆ ಮತ್ತೆ ಎಬ್ಬಿಸಿದವನು ವಿಲಿಯಂ ಸಿಮನ್ಸ್. ಹಿಂದೆ ಚರ್ಚಿನ ಬೋಧಕನಾಗಿದ್ದವನು. ಅದೇ ವರ್ಷ ಹಳೆಯ ಕ್ಲಾನನ್ನು ವೀರರ ಪಡೆಯೆಂದು ಕೊಂಡಾಡುವ ‘ದಿ ಬರ್ತ್ ಆಫ್ ಎ ನೇಷನ್’ ಎಂಬ ಚಲನಚಿತ್ರ ಬಂದಿತು. ಅದನ್ನು ಶ್ವೇತಭವನದಲ್ಲಿಯೇ ಅಧ್ಯಕ್ಷ ವುಡ್ರೋ ವಿಲ್ಸನ್ನರಿಗೆ ತೋರಿಸಲಾಯಿತು. ವಿಲ್ಸನ್ನರು ಸಾಮಾನ್ಯರಲ್ಲ; ಡಾಕ್ಟರೇಟ್ ಪಡೆದ ವಿದ್ವಾಂಸರು, ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಮುಖ್ಯಸ್ಥರಾಗಿದ್ದವರು.

೧೯೨೦ರ ದಶಕದ ನಡುವೆ ಈ ಸಂಘದ ಸದಸ್ಯರು ಮೂವತ್ತರಿಂದ ಐವತ್ತು ಲಕ್ಷವಿದ್ದರೆಂದು ಅಂದಾಜು. ಸೇರಲು ಹತ್ತು ಡಾಲರ್ ಕೊಡಬೇಕು. ಸೇರಿಸಿದವನಿಗೆ ಅದರಲ್ಲಿ ನಾಲ್ಕು ಡಾಲರ್ ದಲ್ಲಾಳಿ. ನಿಲುವಂಗಿಯ ಬೆಲೆ ಬೇರೆ! ಹೊಟ್ಟೆಗಿಲ್ಲದವನು ಹತ್ತು ಡಾಲರನ್ನು ಎಲ್ಲಿಂದ ತರಬೇಕು? ೧೯೨೨ರಲ್ಲಿ ಮುಖ್ಯಸ್ಥನಾದ ಹೈರಾಮ್ ಇವಾನ್ಸ್ ಡಲ್ಲಾಸ್ ನಗರದ ದಂತವೈದ್ಯ. ಇಂಡಿಯಾನಾ ಮೊದಲಾದೆಡೆಯ ಸದಸ್ಯರ ಪಟ್ಟಿಗಳನ್ನು ಪರಿಶೀಲಿಸಿದ ಇತಿಹಾಸಕಾರರಿಗೆ ಅಂಗಡಿಯವರು, ಗುಮಾಸ್ತರು, ವೈದ್ಯರು, ವಕೀಲರು, ಪಾದ್ರಿಗಳು ಸಿಕ್ಕಿದರು. ಒಂದು ಮಾತಿನಲ್ಲಿ, ಊರಿನಲ್ಲಿ ನಾಲ್ಕು ಜನ ನಮಸ್ಕರಿಸುವಂಥವರು. ಕ್ಲಾನ್ ವನಭೋಜನ ಏರ್ಪಡಿಸುತ್ತಿತ್ತು, ವಾದ್ಯಗೋಷ್ಠಿ ನಡೆಸುತ್ತಿತ್ತು, ಚರ್ಚಿಗೆ ದೇಣಿಗೆ ಕೊಡುತ್ತಿತ್ತು. ಜೊತೆಗೆ ಕಪ್ಪು ಜನರನ್ನೂ ಕ್ಯಾಥೊಲಿಕರನ್ನೂ ಯೆಹೂದ್ಯರನ್ನೂ ಹೊರದೇಶದಿಂದ ಬಂದವರನ್ನೂ ಬೆದರಿಸುತ್ತಿತ್ತು. ಹಲವೆಡೆ ಚಾವಟಿಯೇಟು, ಕೊಲೆಗಳೂ ನಡೆದವು. ೧೯೨೫ರ ಆಗಸ್ಟ್ ೮ರಂದು ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ರಾಜಧಾನಿ ವಾಷಿಂಗ್ಟನ್ನಿನ ರಾಜಬೀದಿಯಲ್ಲಿ ಹಾಡಹಗಲೇ ಮೆರವಣಿಗೆ ಹೋದರು. ಮುಖವಾಡವನ್ನು ತೆಗೆದಿದ್ದರು. ಚಿತ್ರದಲ್ಲಿ ಆ ಮುಖಗಳನ್ನು ನೋಡಿದೆ. ಒಬ್ಬರಿಗೂ ಒಂದಿಷ್ಟು ಅಳುಕಿದ್ದಂತೆ ಕಾಣಲಿಲ್ಲ.

ನನ್ನ ಭಾಷಣವನ್ನು ಬುಡಮೇಲು ಮಾಡಿದ ಸಂಗತಿ ಇನ್ನೊಂದಿದೆ. ೧೯೨೨ರಲ್ಲಿ ಆರೆಗಾನ್ ಸಂಸ್ಥಾನದಲ್ಲಿ ಮಕ್ಕಳೆಲ್ಲರೂ ಸರ್ಕಾರಿ ಶಾಲೆಗೇ ಹೋಗಬೇಕೆಂಬ ಕಾನೂನು ಜನಮತದಿಂದ ಅಂಗೀಕಾರವಾಯಿತು. ಅದರ ಬೆನ್ನಿಗೆ ನಿಂತವರಲ್ಲಿ ಕ್ಲಾನ್ ಕೂಡ ಒಂದು! ಕ್ಯಾಥೊಲಿಕರ ಶಾಲೆಗಳನ್ನು ಮುಚ್ಚಿಸುವುದು ಅದರ ಒಳಗಿನ ಹುನ್ನಾರ. ೧೯೨೫ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಗೊಳಿಸಿತು. ವಿದ್ಯೆ ಕೊಟ್ಟರೆ ಕ್ಲಾನ್ ಕರಗುತ್ತದೆಂದು ನಾನು ಕೂಗಿದ್ದೆ. ಕ್ಲಾನೇ ಶಾಲೆಯ ಪರವಾಗಿ ಮತ ಕೇಳುತ್ತಿತ್ತು.

ಇವರ ಕೈಗೆ ವಾದಗಳನ್ನು ಒದಗಿಸಿದವರು ಇನ್ನೂ ಮೇಲಿನವರು. ಮ್ಯಾಡಿಸನ್ ಗ್ರಾಂಟ್ ಎಂಬ ನ್ಯೂಯಾರ್ಕಿನ ಸಿರಿವಂತ ಯೇಲ್‌ನಲ್ಲಿ ಓದಿ, ಕೊಲಂಬಿಯಾದಲ್ಲಿ ಕಾನೂನು ಪದವಿ ಪಡೆದವನು. ೧೯೧೬ರಲ್ಲಿ ಅವನು ಬರೆದ ‘ದಿ ಪಾಸಿಂಗ್ ಆಫ್ ದಿ ಗ್ರೇಟ್ ರೇಸ್’ ಎಂಬ ಪುಸ್ತಕ, ಉತ್ತರ ಯೂರೋಪಿನ ಬಿಳಿಯರೇ ಶ್ರೇಷ್ಠರೆಂದೂ ಉಳಿದವರ ಬೆರಕೆಯಿಂದ ಅವರು ಅಳಿಯುತ್ತಿದ್ದಾರೆಂದೂ ವಾದಿಸಿತು. ಅದೇ ೧೯೧೬ರ ಮೇ ತಿಂಗಳಲ್ಲಿ, ಅದೇ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ, ಇಪ್ಪತ್ತೈದು ವರ್ಷದ ಭಾರತೀಯ ವಿದ್ಯಾರ್ಥಿಯೊಬ್ಬರು ಜಾತಿಯ ಹುಟ್ಟು ಬೆಳವಣಿಗೆಗಳ ಮೇಲೆ ಪ್ರಬಂಧ ಓದಿದರು. ಅವರು ಭೀಮರಾವ್ ಅಂಬೇಡ್ಕರ್. ಜಾತಿಯ ಮೂಲ ಜನಾಂಗಭೇದದಲ್ಲಿಲ್ಲ, ತನ್ನೊಳಗೇ ಮದುವೆಯಾಗುವ ಕಟ್ಟುಪಾಡಿನಲ್ಲಿದೆ ಎಂಬುದು ಅವರ ವಾದ. ಈ ಎರಡು ಬರಹಗಳೂ ಒಂದೇ ವರ್ಷದವೆಂದು ತಿಳಿದ ದಿನ ನಾನು ಬಹಳ ಹೊತ್ತು ಪುಟ ತಿರುವಲಿಲ್ಲ. ಕೊಲಂಬಿಯಾದ ಪದವಿ ಇಬ್ಬರಿಗೂ ಉಂಟು. ಒಬ್ಬನು ಗೆರೆಯನ್ನು ಎಳೆದನು. ಇನ್ನೊಬ್ಬರು ಗೆರೆ ಯಾರು ಎಳೆದದ್ದು ಎಂದು ಕೇಳಿದರು.

ಗ್ರಾಂಟನ ಮಾತು ಪುಸ್ತಕದಲ್ಲಿಯೇ ಉಳಿಯಲಿಲ್ಲ. ೧೯೨೪ರ ವಲಸೆ ಕಾಯಿದೆಯ ಹಿಂದೆ ಅವನ ಪ್ರಭಾವವಿತ್ತು. ಆ ಕಾಯಿದೆ ದಕ್ಷಿಣ ಮತ್ತು ಪೂರ್ವ ಯೂರೋಪಿನವರ ಸಂಖ್ಯೆಯನ್ನು ಕುಗ್ಗಿಸಿತು, ಏಷ್ಯದವರಿಗೆ ಬಹುಮಟ್ಟಿಗೆ ಬಾಗಿಲು ಹಾಕಿತು. ಈ ಪಾಲಿನ ಪದ್ಧತಿ ಹೋದದ್ದು ೧೯೬೫ರಲ್ಲಿ.

ಇನ್ನು ಬಿಳಿಯನೆಂದರೆ ಯಾರು? ೧೭೯೦ರ ಕಾನೂನಿನಂತೆ ಹೊರಗಿನಿಂದ ಬಂದವರಲ್ಲಿ ‘ಸ್ವತಂತ್ರ ಬಿಳಿಯ’ನಾದವನು ಮಾತ್ರ ಪೌರತ್ವ ಪಡೆಯಬಹುದಿತ್ತು, ೧೮೭೦ರಲ್ಲಿ ಆಫ್ರಿಕ ಮೂಲದವರನ್ನೂ ಸೇರಿಸಿದರು. ಮಧ್ಯದವರ ಗತಿಯೇನು? ಜಪಾನಿನ ಓಜಾವ ಎಂಬವರು ೧೯೨೨ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ನಿಂತಾಗ, ಬಿಳಿಯನೆಂದರೆ ‘ಕಕೇಸಿಯನ್’ ಕುಲದವನು, ನೀನಲ್ಲ ಎಂದು ತೀರ್ಪಾಯಿತು. ಮೂರೇ ತಿಂಗಳ ಮೇಲೆ, ೧೯೨೩ರ ಫೆಬ್ರವರಿಯಲ್ಲಿ, ಪಂಜಾಬಿನ ಭಗತ್ ಸಿಂಗ್ ಥಿಂಡ್ ಎಂಬವರ ಸರದಿ. ಅವರು ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಉತ್ತರ ಭಾರತದವರು ಕಕೇಸಿಯನ್ನರೆಂದು ವಿದ್ವಾಂಸರೇ ಬರೆದಿದ್ದಾರಲ್ಲ ಎಂದರು. ಆಗ ಅದೇ ನ್ಯಾಯಮೂರ್ತಿ ಸದರ್ಲೆಂಡ್, ವಿದ್ವಾಂಸರ ಮಾತು ಬೇಡ, ಸಾಮಾನ್ಯ ಮನುಷ್ಯನ ತಿಳಿವಳಿಕೆಯಲ್ಲಿ ನೀವು ಬಿಳಿಯರಲ್ಲ ಎಂದು ಬರೆದರು! ಇದನ್ನು ಓದಿ ನಗಬೇಕೋ ಅಳಬೇಕೋ ತಿಳಿಯದು. ಆಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರು ಅದನ್ನು ಕಳೆದುಕೊಂಡರು. ಅವರಲ್ಲೊಬ್ಬರಾದ ವೈಷ್ಣೋದಾಸ್ ಬಾಗಾಯಿ ಎಂಬ ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿ ೧೯೨೮ರಲ್ಲಿ ಪ್ರಾಣ ಕಳೆದುಕೊಂಡರು. ಭಾರತೀಯರಿಗೆ ಪೌರತ್ವದ ಹಕ್ಕು ಸಿಕ್ಕಿದ್ದು ೧೯೪೬ರಲ್ಲಿ.

ಇಷ್ಟಕ್ಕೇ ನಿಲ್ಲಿಸಿದರೆ ನಮಗೆ ಹಿತವಾಗಿರುತ್ತಿತ್ತು. ಆದರೆ ಥಿಂಡ್‌ರ ಪರವಾದ ವಾದವನ್ನೂ ನೋಡಬೇಕು. ತಾವು ಮೇಲ್ಜಾತಿಯ ಶುದ್ಧ ಆರ್ಯರು. ಮದುವೆಯ ವಿಷಯದಲ್ಲಿ ಅಮೆರಿಕದ ಬಿಳಿಯರು ಕಪ್ಪು ಜನರನ್ನು ಹೇಗೆ ದೂರವಿಡುತ್ತಾರೋ ಮೇಲ್ಜಾತಿಯವರು ಇಲ್ಲಿಯ ಮೂಲನಿವಾಸಿಗಳನ್ನು ಹಾಗೆಯೇ ದೂರವಿಡುತ್ತಾರೆ. ಆದ್ದರಿಂದ ತಮ್ಮನ್ನು ಬಿಳಿಯರಲ್ಲಿ ಎಣಿಸಬೇಕು! ನಮ್ಮ ಮನೆತನದವರನ್ನು ದೂರ ನಿಲ್ಲಿಸಿದ ಕಥೆಗಳನ್ನು ಅಜ್ಜಿಯಿಂದ ಕೇಳಿ ಬೆಳೆದವನು ನಾನು. ಆ ಕಥೆಗಳು ಸಮುದ್ರ ದಾಟಿ ಯೋಗ್ಯತಾಪತ್ರವಾಗಬಲ್ಲವೆಂದು ಎಣಿಸಿರಲಿಲ್ಲ. ಥಿಂಡ್‌ರಿಗೆ ಆದದ್ದು ಅನ್ಯಾಯ, ಸಂಶಯವಿಲ್ಲ. ಆದರೂ ಆ ವಾದವನ್ನು ಕ್ಷಮಿಸಲು ನನ್ನಿಂದಾಗಲಿಲ್ಲ.

ಹೀಗೆ ಮನಸ್ಸು ಕಹಿಯಾಗಿದ್ದಾಗ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ಪ್ರಸಂಗ ಕಣ್ಣಿಗೆ ಬಿತ್ತು. ೧೯೪೧ರಲ್ಲಿ ಅವರು ಅಮೆರಿಕದ ದಕ್ಷಿಣ ಭಾಗದಲ್ಲಿ ರೈಲಿನಲ್ಲಿ ಹೋಗುತ್ತಿದ್ದರು. ಬಿಳಿಯರ ಡಬ್ಬಿಯಿಂದ ಏಳುವಂತೆ ಟಿಕೆಟ್ ನೋಡುವವನು ಹೇಳಿದ. ಅವರು ಏಳಲಿಲ್ಲ. ಯಾವ ದೇಶದವರೆಂದು ಅವನು ಕೇಳತೊಡಗಿದ. ಭಾರತದವಳು ಎಂದಿದ್ದರೆ ಪರದೇಶದ ಅತಿಥಿಯೆಂದು ಸುಮ್ಮನೆ ಬಿಡುತ್ತಿದ್ದನೇನೋ. ಅವರು ಆ ರಿಯಾಯಿತಿಗೆ ಕೈಯೊಡ್ಡದೆ, ತಾವೂ ಬಣ್ಣದವಳೇ, ಆದರೂ ಏಳುವುದಿಲ್ಲ ಎಂದು ಹೇಳಿ ಕುಳಿತೇ ಇದ್ದರು. ಅವನು ಸುಮ್ಮನೆ ಹೋದ.

೧೯೫೪ರ ಮೇ ತಿಂಗಳಲ್ಲಿ ಶಾಲೆಗಳಲ್ಲಿ ಬಣ್ಣಭೇದ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಎರಡೇ ತಿಂಗಳಲ್ಲಿ ಮಿಸಿಸಿಪಿಯ ಇಂಡಿಯನೋಲ ಎಂಬಲ್ಲಿ ‘ಸಿಟಿಜನ್ಸ್ ಕೌನ್ಸಿಲ್’ ಹುಟ್ಟಿತು. ಜಮೀನ್ದಾರರು, ಬ್ಯಾಂಕಿನವರು, ವಕೀಲರು ಸೇರಿದ ಈ ಸಭೆಗೆ ನಿಲುವಂಗಿ ಬೇಕಾಗಲಿಲ್ಲ. ಮಗುವನ್ನು ಬಿಳಿಯರ ಶಾಲೆಗೆ ಸೇರಿಸಿ ಎಂದು ಅರ್ಜಿಗೆ ಸಹಿ ಹಾಕಿದ ಕಪ್ಪು ಮನುಷ್ಯನಿಗೆ ಮರುದಿನ ಕೆಲಸವಿಲ್ಲ, ಸಾಲವಿಲ್ಲ. ೧೯೬೨ರ ಸೆಪ್ಟೆಂಬರ್ ೩೦ರ ರಾತ್ರಿ ಮಿಸಿಸಿಪಿ ವಿಶ್ವವಿದ್ಯಾನಿಲಯಕ್ಕೆ ಜೇಮ್ಸ್ ಮೆರೆಡಿತ್ ಎಂಬ ಒಬ್ಬ ಕಪ್ಪು ವಿದ್ಯಾರ್ಥಿ ಸೇರಲು ಬಂದಾಗ ದೊಡ್ಡ ದೊಂಬಿಯೆದ್ದು ಇಬ್ಬರು ಸತ್ತರು, ಸೈನ್ಯವೇ ಬರಬೇಕಾಯಿತು. ಕಲ್ಲು ತೂರಿದವರಲ್ಲಿ ಆ ಕಾಲೇಜಿನ ಹುಡುಗರೂ ಇದ್ದರು. ೨೦೧೭ರ ಆಗಸ್ಟ್‌ನಲ್ಲಿ ವರ್ಜೀನಿಯಾ ವಿಶ್ವವಿದ್ಯಾನಿಲಯದ ಅಂಗಳದಲ್ಲಿ ಪಂಜು ಹಿಡಿದು ಹೊರಟ ಬಿಳಿಯರ ಮುಂದಾಳುಗಳಲ್ಲೊಬ್ಬನು ಅಲ್ಲಿಯದೇ ಪದವೀಧರ.

ಹಾಗಾದರೆ ವಿದ್ಯೆ ಬೇಡವೇ ಎಂದು ಗೆಳೆಯನೊಬ್ಬ ನನ್ನನ್ನು ಕೆಣಕಿದ. ಬೇಡವೆಂದು ನಾನು ಹೇಳಿಲ್ಲ. ಗ್ರಾಂಟನ ವಾದವನ್ನು ಬಲವಾಗಿ ಖಂಡಿಸಿದ ಫ್ರಾಂಜ್ ಬೋವಾಸ್ ಕೊಲಂಬಿಯಾದ ಪ್ರಾಧ್ಯಾಪಕರೇ. ಕಪ್ಪು ಜನರ ಪರವಾಗಿ ನ್ಯಾಯಾಲಯದಲ್ಲಿ ಗೆದ್ದವರೂ ಓದಿದ ವಕೀಲರೇ. ನನ್ನ ತಕರಾರು ನನ್ನ ಭಾಷಣದ ಮೇಲೆ. ದ್ವೇಷದ ಹೊರೆಯನ್ನೆಲ್ಲ ಓದದವರ ತಲೆಗೆ ಹೊರಿಸಿ ನಾನು ಬಹುಮಾನ ತೆಗೆದುಕೊಂಡೆ.

ನಮ್ಮ ತಂದೆಯವರು ಇಂದಿಗೂ ಹೆಬ್ಬೆಟ್ಟೊತ್ತುತ್ತಾರೆ. ಊರಿನಲ್ಲಿ ಅವರು ಯಾರನ್ನೂ ಏಕವಚನದಲ್ಲಿ ಕರೆದದ್ದನ್ನು ನಾನು ಕಂಡಿಲ್ಲ. ಬಹುಮಾನದ ಬಟ್ಟಲನ್ನು ದೇವರ ಗೂಡಿನ ಪಕ್ಕದಲ್ಲಿಟ್ಟಿದ್ದಾರೆ. ಮನೆಗೆ ಬಂದವರಿಗೆಲ್ಲ ತೋರಿಸುತ್ತಾರೆ. “ಏನು ಮಾತಾಡಿದೆ ಮಗ, ನಂಗೂ ಒಸಿ ಹೇಳು” ಎಂದು ಎರಡು ಸಲ ಕೇಳಿದರು. ಎರಡು ಸಲವೂ ಪರೀಕ್ಷೆಯ ನೆಪ ಹೇಳಿ ತಪ್ಪಿಸಿಕೊಂಡಿದ್ದೇನೆ. ಈ ರಜೆಯಲ್ಲಿ ಊರಿಗೆ ಹೋದಾಗ ಈ ಲೇಖನವನ್ನು ಅವರಿಗೆ ಓದಿ ಹೇಳಬೇಕೆಂದಿದ್ದೇನೆ.