ಫಲಕದಲ್ಲಿ ಕಂಪನಿಯ ಹೆಸರು, ಪಗಾರಕ್ಕೆ ಮುಕಾದಮನ ಬಾಗಿಲು

ಪುಣೆಯಲ್ಲೋ ಠಾಣೆಯಲ್ಲೋ ಏಳುತ್ತಿರುವ ಬಹುಮಹಡಿ ಕಟ್ಟಡದ ಮುಂದೆ ದೊಡ್ಡ ಕಂಪನಿಯ ಫಲಕ ಇರುತ್ತದೆ. ಒಳಗೆ ಸೆಂಟ್ರಿಂಗ್ ಹೊಡೆಯುವ, ಕಬ್ಬಿಣ ಕಟ್ಟುವವರನ್ನು 'ನಿಮ್ಮ ಮಾಲೀಕರು ಯಾರು' ಎಂದು ಕೇಳಿದರೆ ಆ ಹೆಸರು ಬರುವುದು ಅಪರೂಪ. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಗುಳೆ ಬಂದವರಾದರೆ ಊರಿನಿಂದ ಕರೆತಂದ ಮುಕಾದಮನ ಹೆಸರು ಹೇಳುತ್ತಾರೆ. ಅವರ ಮಟ್ಟಿಗೆ ಮುಂಗಡ ಕೊಟ್ಟವನು, ಹಾಜರಿ ಬರೆಯುವವನು, ಪಗಾರ ಹಂಚುವವನು ಅವನೇ.

ಬಿಲ್ಡರ್ ಕೆಲಸವನ್ನು ಮುಖ್ಯ ಗುತ್ತಿಗೆದಾರನಿಗೆ ಕೊಡುತ್ತಾನೆ. ಅವನು ಸೆಂಟ್ರಿಂಗ್, ಗಾರೆ, ಟೈಲ್ಸ್ ಎಂದು ಒಡೆದು ಉಪಗುತ್ತಿಗೆ ಕೊಡುತ್ತಾನೆ. ಅಲ್ಲಿಂದ ಕೆಲಸ ಲೇಬರ್ ಕಾಂಟ್ರಾಕ್ಟರ್‌ಗೆ, ಕೊನೆಗೆ ಮುಕಾದಮನಿಗೆ. ಇದಕ್ಕೆ ನ್ಯಾಯವಾದ ಕಾರಣವೂ ಇದೆ ಎಂದು ಒಪ್ಪಬೇಕು. ಪಾಯ ತೋಡುವಾಗ ಬೇಕಾದವರು ಬಣ್ಣ ಬಳಿಯುವಾಗ ಬೇಡ. ಮೂರು ವರ್ಷದ ಯೋಜನೆಯುದ್ದಕ್ಕೂ ಎಲ್ಲರನ್ನೂ ಸಂಬಳದ ಮೇಲೆ ಇಟ್ಟುಕೊಳ್ಳುವುದು ಯಾವ ಕಂಪನಿಗೂ ಸಾಧ್ಯವಿಲ್ಲ. ಆದರೆ ಕೆಲಸದ ಜೊತೆ ಹೊಣೆಯೂ ಕೆಳಕ್ಕೆ ಇಳಿಯುತ್ತಾ ಹೋಗುತ್ತದೆ. ಮೇಲೆ ಬಿಲ್ ಪಾಸಾಗದಿದ್ದರೆ ಕೆಳಗಿನ ಪ್ರತಿಯೊಬ್ಬನೂ ಕಾಯುತ್ತಾನೆ, ಕೂಲಿಕಾರ ಎಲ್ಲರಿಗಿಂತ ಕೊನೆಗೆ.

ಇದು ಹೊಸ ಕತೆಯಲ್ಲ. 1982ರ ದೆಹಲಿ ಏಷ್ಯಾಡ್ ಕಾಮಗಾರಿಗಳಲ್ಲಿ ದಿನದ ಕನಿಷ್ಠ ಕೂಲಿ 9 ರೂಪಾಯಿ 25 ಪೈಸೆ ಇತ್ತು. ಆಳುಗಳನ್ನು ತಂದ ಜಮಾದಾರರು ಅದರಲ್ಲಿ ಒಂದು ರೂಪಾಯಿ ಕಮಿಷನ್ ಮುರಿದುಕೊಳ್ಳುತ್ತಿದ್ದರು. ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಗೆ ಸಮ ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ ಹೇಳಿತು. ಗುತ್ತಿಗೆದಾರನತ್ತ ಬೆರಳು ತೋರಿಸಿ ಸರ್ಕಾರ ನುಣುಚಿಕೊಳ್ಳಲಾಗದು ಎಂದೂ ಹೇಳಿತು.

ಈಗ ಕಾನೂನು ಬದಲಾಗಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಕೂಲಿಯ ಅಂತಿಮ ಹೊಣೆ ಮೇಲಿನವರ ಮೇಲೆಯೇ ಉಳಿದಿದೆ: ಗುತ್ತಿಗೆದಾರ ಕೊಡದಿದ್ದರೆ ಮೂಲ ಮಾಲೀಕ ಕೊಡಬೇಕು. ಆದರೆ ಪರವಾನಗಿಯ ಮಿತಿ ಸಡಿಲವಾಗಿದೆ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ 20 ಆಳುಗಳಿಂದ ಅನ್ವಯಿಸುತ್ತಿತ್ತು; ಹೊಸ ಸಂಹಿತೆಯಲ್ಲಿ ಆ ಸಂಖ್ಯೆ 50. ಮಹಾರಾಷ್ಟ್ರ ಇದನ್ನು ಕೆಲವು ವರ್ಷ ಮೊದಲೇ ಮಾಡಿತ್ತು. ಹಾಗಾಗಿ ಒಟ್ಟು ಮೂವತ್ತು, ನಲವತ್ತು ಆಳುಗಳನ್ನಷ್ಟೇ ದುಡಿಸುವ ಸಣ್ಣ ಗುತ್ತಿಗೆದಾರ ಪರವಾನಗಿ ಇಲ್ಲದೆಯೇ ನಡೆಸಬಹುದು. ಹಣ ಮುಳುಗುವುದು ಹೆಚ್ಚಾಗಿ ಈ ಕೊನೆಯ ಕೊಂಡಿಯಲ್ಲೇ.

ಮೂಲ ಮಾಲೀಕನಿಂದ ಬಾಕಿ ಕೇಳಲು ಆ ಸೈಟಿನಲ್ಲಿ ದುಡಿದ ಪುರಾವೆ ಬೇಕು. ಪುರಾವೆ ಮುಕಾದಮನ ನೋಟ್‌ಬುಕ್ಕಿನಲ್ಲಿದೆ, ಮುಕಾದಮ ಫೋನ್ ಎತ್ತುತ್ತಿಲ್ಲ. ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕೆಂದು ಹೊಸ ಸಂಹಿತೆ ಹೇಳುತ್ತದೆ ನಿಜ. ಆದರೆ ಅದಕ್ಕೆ ಸಹಿ ಹಾಕುವವರು ಯಾರು, ಕಂಪನಿಯೋ, ನಾಳೆ ಬೇರೆ ಊರಿಗೆ ಹೋಗುವ ಮುಕಾದಮನೋ?

ಕಲ್ಯಾಣ ನಿಧಿಯದ್ದೂ ಇದೇ ಪಾಡು. ಕಟ್ಟಡ ವೆಚ್ಚದ ಶೇ. 1ರಷ್ಟು ಸೆಸ್ ಸಂಗ್ರಹವಾಗುತ್ತದೆ. ಆದರೆ ಮಂಡಳಿಯಲ್ಲಿ ನೋಂದಾಯಿಸಲು ಕಾರ್ಮಿಕ ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದದ್ದನ್ನು ತೋರಿಸಬೇಕು. ಹೀಗೆ ಸೇರಿದ 37,400 ಕೋಟಿ ರೂಪಾಯಿಗೂ ಹೆಚ್ಚು ಹಣದಲ್ಲಿ ಖರ್ಚಾದದ್ದು ಸುಮಾರು 9,500 ಕೋಟಿ ಮಾತ್ರ ಎಂದು 2018ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬೇಸರಪಟ್ಟಿತ್ತು. ರಾಜ್ಯ ದಾಟಿದವರಿಗೂ ದುಡಿಯುವ ರಾಜ್ಯದಲ್ಲೇ ಈ ಸೌಲಭ್ಯ ಸಿಗಬೇಕೆಂದು ಸಂಹಿತೆ ಹೇಳುತ್ತದೆಯಾದರೂ, ಅಲ್ಲೂ ಮೊದಲು ಬೇಕಾದದ್ದು ದುಡಿದ ದಾಖಲೆಯೇ.

ಆ ದಾಖಲೆ ಎಲ್ಲೂ ಇಲ್ಲವೆಂದಲ್ಲ. ದೊಡ್ಡ ಸೈಟುಗಳಲ್ಲಿ ಗೇಟ್ ಪಾಸ್ ಇಲ್ಲದೆ ಯಾರೂ ಒಳಗೆ ಹೋಗುವಂತಿಲ್ಲ. ಎಷ್ಟೋ ಕಡೆ ಬೆರಳಚ್ಚೋ ಮುಖ ಗುರುತಿಸುವ ಯಂತ್ರವೋ ಬಂದಿದೆ. ಯಾರು ಯಾವ ದಿನ ಎಷ್ಟು ಹೊತ್ತಿಗೆ ಒಳಗೆ ಬಂದರು ಎಂಬುದು ಕಂಪನಿಯ ಕಂಪ್ಯೂಟರಿನಲ್ಲಿರುತ್ತದೆ. ಅದರ ಪ್ರತಿ ತಿಂಗಳಿಗೊಮ್ಮೆ ಕಾರ್ಮಿಕನ ಮೊಬೈಲಿಗೆ ಬರಬೇಕು, 90 ದಿನದ ಪ್ರಮಾಣಪತ್ರಕ್ಕೆ ಅದೇ ಸಾಕು ಎಂದು ರಾಜ್ಯಗಳು ನಿಯಮ ಮಾಡಿದರೆ ಕಂಪನಿಗೆ ಹೆಚ್ಚು ಖರ್ಚೇನೂ ಇಲ್ಲ. ಬೆಳಿಗ್ಗೆ ಗೇಟಿನಲ್ಲಿ ಹೆಸರು ಹಿಡಿದು ಒಳಗೆ ಬಿಟ್ಟವನನ್ನು ಪಗಾರದ ದಿನ 'ಇವನು ನಮ್ಮವನಲ್ಲ' ಎನ್ನುವುದು ಮಾತ್ರ ಕಷ್ಟವಾಗುತ್ತದೆ.